ಮೊದಲು ಮೊಳೆ, ಆಮೇಲೆ ಯಂತ್ರ: ಒಂದು ಕೋಣೆಗೆ ಓಕ್ ನೆಲ ಹಾಸಿದ ಲೆಕ್ಕ

ನಾಲ್ಕನೇ ಸಾಲಿನಲ್ಲಿ ಮೂರನೆಯ ಹಲಗೆಯ ನಾಲಿಗೆಯೂ ಸೀಳಿದಾಗ ಕೆಲಸ ನಿಲ್ಲಿಸಿದೆ. ನಾಲಿಗೆ ಎಂದರೆ ಹಲಗೆಯ ಒಂದು ಅಂಚಿನುದ್ದಕ್ಕೂ ಚಾಚಿಕೊಂಡ ತೆಳು ಪಟ್ಟಿ, ಅದು ಪಕ್ಕದ ಹಲಗೆಯ ಅಂಚಿನಲ್ಲಿ ಕೊರೆದ ಕಚ್ಚಿನೊಳಗೆ ಕೂರುತ್ತದೆ. ಮೊದಲನೆಯದು ಸೀಳಿದಾಗ ಆ ಹಲಗೆಯಲ್ಲೇ ದೋಷವಿರಬೇಕು ಎಂದುಕೊಂಡೆ. ಎರಡನೆಯದಕ್ಕೆ ನನ್ನ ಕೈಯನ್ನು ಅನುಮಾನಿಸಿದೆ. ಮೂರನೆಯದರಲ್ಲಿ ಸೀಳು, ಎರಡು ಕಾಲಿನ ಮೊಳೆಯಾದ ಸ್ಟೇಪಲ್‌ನ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ನೇರವಾಗಿ ಓಡಿ, ಅಲ್ಲಿಂದ ಒಂದು ಗೇಣು ಮುಂದೆ ಹೋಗಿತ್ತು. ಉಗುರಿನಿಂದ ಮೀಟಿದರೆ ನಾಲಿಗೆಯ ಮೇಲ್ಪದರ ಸಿಬಿರಿನಂತೆ ಎದ್ದು ಬಂತು. ಹೀಗೆ ಸೀಳಿದ ನಾಲಿಗೆಯನ್ನು ಮುಂದಿನ ಹಲಗೆಯ ಕಚ್ಚು ಮುಚ್ಚಿಬಿಡುತ್ತದೆ, ಮೇಲಿನಿಂದ ಏನೂ ಕಾಣುವುದಿಲ್ಲ. ಆದರೆ ಆ ಜಾಗದಲ್ಲಿ ಹಲಗೆಗೆ ಹಿಡಿತವೇ ಇರುವುದಿಲ್ಲ. ಒಂದು ವರ್ಷ ಕಳೆದ ಮೇಲೆ ಕಾಲಿಟ್ಟಲ್ಲೆಲ್ಲ ಕಿರುಗುಟ್ಟುವ ನೆಲ ಹುಟ್ಟುವುದು ಹೀಗೆ.

ಕೋಣೆಯ ಉದ್ದ 4.2 ಮೀಟರ್, ಅಗಲ 3.6 ಮೀಟರ್. ಕೆಳಗೆ ಮರದ ತೊಲೆಗಳು, ಅವುಗಳ ಮೇಲೆ 18 ಮಿ.ಮೀ. ಪ್ಲೈವುಡ್. ಹಾಸಬೇಕಾದದ್ದು ಇಡೀ ಮರದ ಓಕ್ ಹಲಗೆ, 19 ಮಿ.ಮೀ. ದಪ್ಪ, 83 ಮಿ.ಮೀ. ಅಗಲ. ತೊಲೆಗಳಿಗೆ ಅಡ್ಡಲಾಗಿ, ಕೋಣೆಯ ಉದ್ದಕ್ಕೆ ಸಾಲುಗಳು. ಹಲಗೆಗಳನ್ನು ಕೋಣೆಯೊಳಗೆ ಬಿಚ್ಚಿಟ್ಟು ಹತ್ತು ದಿನ ಬಿಟ್ಟಿದ್ದೆ. ತೇವಾಂಶ ಅಳೆಯುವ ಮೀಟರ್ ಪ್ಲೈವುಡ್‌ನಲ್ಲಿ ಶೇ 10, ಓಕ್‌ನಲ್ಲಿ ಶೇ 8.5 ತೋರಿಸಿತು. ಮೂರು ಅಂಗುಲಕ್ಕಿಂತ ಅಗಲದ ಹಲಗೆಗೆ ಈ ಎರಡರ ನಡುವಿನ ಅಂತರ ಶೇ 2 ದಾಟಬಾರದು. ಕಿರಿದಾದ ಪಟ್ಟಿಗಳಾದರೆ ಶೇ 4ರವರೆಗೆ ನಡೆಯುತ್ತದೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ತಪ್ಪಿದ್ದು ಹಲಗೆಯನ್ನು ಕಟ್ಟಿಹಾಕುವ ಸಾಧನದ ವಿಚಾರದಲ್ಲಿ. ಪರಿಚಯದ ಬಡಗಿಯೊಬ್ಬರಲ್ಲಿ ಸ್ಟೇಪಲ್ ಹೊಡೆಯುವ ಯಂತ್ರ, ಅಂದರೆ ಸ್ಟೇಪ್ಲರ್, ಬಳಕೆಯಿಲ್ಲದೆ ಬಿದ್ದಿತ್ತು, ಅದನ್ನು ತಂದು ಹೊಡೆಯಲು ಶುರು ಮಾಡಿದೆ. ಕೈಗೆ ಸಿಕ್ಕ ಯಂತ್ರಕ್ಕೆ ತಕ್ಕ ಮೊಳೆ ಹಾಕಿದೆನೇ ಹೊರತು, ಹಲಗೆಗೆ ಯಾವ ಮೊಳೆ ಬೇಕು ಎಂದು ಕೇಳಿಕೊಳ್ಳಲಿಲ್ಲ.

ಆ ನಾಲ್ಕನೇ ಸಾಲನ್ನು ಕಿತ್ತು ಹಾಕಿ, ಎರಡು ದಿನ ಬರೀ ಪರೀಕ್ಷೆಗೆ ಕೊಟ್ಟೆ. ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಎರಡು ದಿನಗಳು ಅವು.

ಮೊದಲು ಮೊಳೆಯ ಉದ್ದದ ಲೆಕ್ಕ. ಇಂಥ ನೆಲದಲ್ಲಿ ಮೊಳೆ ಮೇಲಿನಿಂದ ಇಳಿಯುವುದಿಲ್ಲ. ನಾಲಿಗೆ ಹಲಗೆಯ ಮೈಗೆ ಸೇರುವ ಮೂಲೆಯಿಂದ 45 ಡಿಗ್ರಿ ಓರೆಯಾಗಿ ಒಳಗೆ ಹೋಗುತ್ತದೆ. ಎರಡು ಅಂಗುಲದ, ಅಂದರೆ 50 ಮಿ.ಮೀ. ಮೊಳೆ 45 ಡಿಗ್ರಿಯಲ್ಲಿ ಇಳಿದರೆ ನೇರ ಆಳ ಸುಮಾರು 35 ಮಿ.ಮೀ. ನನ್ನ ಹಲಗೆಯಲ್ಲಿ ಆ ಮೂಲೆ ತಳದಿಂದ 11 ಮಿ.ಮೀ. ಎತ್ತರದಲ್ಲಿದೆ. ಅದನ್ನು ಕಳೆದರೆ ಪ್ಲೈವುಡ್‌ಗೆ ಸಿಗುವುದು 24 ಮಿ.ಮೀ. ಪ್ಲೈವುಡ್ ಇರುವುದೇ 18. ಆದ್ದರಿಂದ ತೊಲೆಯಿಲ್ಲದ ಕಡೆ ಮೊಳೆಯ ತುದಿ ಆರು ಮಿ.ಮೀ.ಯಷ್ಟು ಕೆಳಗೆ ಇಣುಕುತ್ತದೆ. ಅದರಿಂದ ನೆಲಕ್ಕೆ ಕೇಡಿಲ್ಲ, ಪ್ಲೈವುಡ್‌ನ ಪೂರ್ತಿ ದಪ್ಪವನ್ನು ಮೊಳೆ ಕಚ್ಚಿಕೊಂಡಿರುತ್ತದೆ. ಆದರೆ ಪ್ಲೈವುಡ್‌ನ ಹೊಟ್ಟೆಗೆ ಅಂಟಿಕೊಂಡು ನೀರಿನ ಕೊಳವೆಯೋ ವಿದ್ಯುತ್ ತಂತಿಯೋ ಹಾದುಹೋಗಿದ್ದರೆ ಆ ಆರು ಮಿ.ಮೀ. ಸಾಕು. ಟಾರ್ಚ್ ಹಿಡಿದು ಕೆಳಗಿನಿಂದ ನೋಡಿದೆ. ಬಾಗಿಲ ಬಲಮೂಲೆಯಲ್ಲಿ ಒಂದು ಕೊಳವೆ ಪ್ಲೈವುಡ್‌ಗೆ ತಾಗಿಕೊಂಡೇ ಇತ್ತು. ಮೇಲೆ ಆ ಜಾಗದ ಸುತ್ತ ಕೆಂಪು ಸೀಮೆಸುಣ್ಣದಿಂದ ಗೆರೆ ಎಳೆದು, ಅಲ್ಲಿಗೆ ಮಾತ್ರ 38 ಮಿ.ಮೀ. ಮೊಳೆ ಎಂದು ಬರೆದೆ. 38ರದ್ದು 27 ಮಿ.ಮೀ. ಆಳಕ್ಕೆ ಇಳಿಯುತ್ತದೆ, ಪ್ಲೈವುಡ್‌ನೊಳಗೆ 16ಕ್ಕೆ ನಿಲ್ಲುತ್ತದೆ. ಕಾಂಕ್ರೀಟಿನ ಮೇಲೆ ಪ್ಲೈವುಡ್ ಹಾಸಿದ ನೆಲಗಳಿಗೂ ಒಂದೂವರೆ ಅಂಗುಲದ ಮೊಳೆಯನ್ನೇ ಬಳಸುವುದು ಇದೇ ಕಾರಣಕ್ಕೆ. ಉದ್ದದ ಮೊಳೆ ಕಾಂಕ್ರೀಟಿಗೆ ಬಡಿದು, ತಲೆ ಮೇಲೆಯೇ ನಿಂತುಬಿಡುತ್ತದೆ.

ಉದ್ದ ನಿಂತಿತು. ಇನ್ನು ಜಾತಿ. ಮರದ ನೆಲಕ್ಕೆ ಮುಖ್ಯವಾಗಿ ಎರಡು ಬಗೆ. ಒಂದು ಕ್ಲೀಟ್. ಇದು ಚಪ್ಪಟೆ ಮೈಯ ಒಂಟಿ ಮೊಳೆ, ಎರಡೂ ಅಂಚಿನಲ್ಲಿ ಗರಗಸದಂಥ ಹಲ್ಲು, ತಲೆ ಇಂಗ್ಲಿಷಿನ ಎಲ್ ಅಥವಾ ಟಿ ಅಕ್ಷರದ ಆಕಾರದ್ದು. ಇನ್ನೊಂದು ಎರಡು ಕಾಲಿನ ಸ್ಟೇಪಲ್. ಈ ದಪ್ಪದ ಹಲಗೆಗೆ 15.5 ಗೇಜ್‌ನದು, ಎರಡು ಕಾಲುಗಳ ನಡುವೆ ಅರ್ಧ ಅಂಗುಲ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳುವಾಗುತ್ತದೆ ಎಂಬುದನ್ನು ನೆನಪಿಡಬೇಕು. ಕ್ಲೀಟ್‌ನಲ್ಲಿ 16 ಗೇಜ್ ಸಾಮಾನ್ಯ. ತೀರಾ ಗಟ್ಟಿ ಮರಕ್ಕೆ ಅಥವಾ ತೆಳು ಹಲಗೆಗೆ 18 ಗೇಜ್ ಇದೆ. ಮರದ ಗಡಸುತನವನ್ನು ಅಳೆಯುವ ಜಾಂಕಾ ಪಟ್ಟಿಯಲ್ಲಿ ಕೆಂಪು ಓಕ್ 1290ರಲ್ಲಿದೆ, ಬ್ರೆಜಿಲಿಯನ್ ಚೆರ್ರಿ ಎಂದು ಮಾರುವ ಜಟೋಬಾ 2350ರಲ್ಲಿದೆ. ಓಕ್‌ಗೆ 16 ಗೇಜ್ ನಿರಾಳವಾಗಿ ಇಳಿಯುತ್ತದೆ. ಜಟೋಬಾದಂಥ ಮರದಲ್ಲಿ ಅದೇ ಮೊಳೆ ನಾಲಿಗೆಯನ್ನು ಸಿಡಿಸಬಹುದು, ಅಲ್ಲಿ ತೆಳುವಾದ 18 ಲೇಸು.

ಈ ಲೆಕ್ಕ ಯಂತ್ರಕ್ಕಿಂತ ಮೊದಲು ಏಕೆ ಮುಗಿಯಬೇಕೆಂದರೆ, ಯಂತ್ರ ಮೊಳೆಗೆ ಕಟ್ಟುಬಿದ್ದಿರುತ್ತದೆ. 16 ಗೇಜ್‌ನ ನೇಲರ್ 18ರ ಮೊಳೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಲ್ ತಲೆಯದನ್ನು ನುಂಗುವ ಕೆಲವು ಯಂತ್ರಗಳು ಟಿ ತಲೆಯದನ್ನು ಒಲ್ಲವು. 16 ಗೇಜ್‌ನ ಎರಡೂ ಬಗೆಯ ಕ್ಲೀಟ್ ಮತ್ತು 15.5ರ ಸ್ಟೇಪಲ್, ಮೂರನ್ನೂ ಹೊಡೆಯುವ ಯಂತ್ರಗಳಿವೆ. ಯಾವುದು ಬೇಕೆಂದು ಇನ್ನೂ ತೀರ್ಮಾನಿಸದವರಿಗೆ ಅಂಥದ್ದು ಅನುಕೂಲ. ನಾನು ಬಾಡಿಗೆಗೆ ತಂದದ್ದೂ ಅಂಥದ್ದೇ. ಗಾಳಿಯ ಒತ್ತಡದಿಂದ ನಡೆಯುವ, ಕೊಡತಿಯಿಂದ ಹೊಡೆಯುವ ನೇಲರ್ ಅದು. ಜೊತೆಗೆ ಗಾಳಿಯೇ ಬೇಡದ, ಪೂರ್ತಿ ಕೈಬಲದ ನೇಲರ್ ಒಂದನ್ನು ಎರವಲು ತಂದೆ. ಬಡಗಿಯವರ ಸ್ಟೇಪ್ಲರ್ ಹೇಗೂ ಮನೆಯಲ್ಲೇ ಇತ್ತು, ಅದು ಗುಂಡಿ ಒತ್ತಿದರೆ ಹೊಡೆಯುವಂಥದ್ದು.

ಪರೀಕ್ಷೆಯ ಹಾಸಿಗೆ ಹೀಗೆ ಮಾಡಿದೆ. ಅದೇ ಪ್ಲೈವುಡ್‌ನ ತುಂಡನ್ನು ಎರಡು ಮರದ ದಿಮ್ಮಿಗಳ ಮೇಲೆ ಸ್ಕ್ರೂ ಹಾಕಿ ಬಿಗಿದೆ, ನಡುವೆ ಟೊಳ್ಳು ಬಿಟ್ಟೆ. ಅದರ ಮೇಲೆ ಓಕ್‌ನ ತುಂಡು ಹಲಗೆಗಳು. ಒಂದೊಂದು ಸಾಧನದಿಂದ ಹನ್ನೆರಡು ಹನ್ನೆರಡು ಹೊಡೆತ. ಹೊಡೆದ ಮೇಲೆ ನಾಲಿಗೆಯನ್ನು ಬೆಳಕಿಗೆ ಹಿಡಿದು ಸೀಳು ಹುಡುಕುವುದು, ಮುಂದಿನ ತುಂಡನ್ನು ಕೂಡಿಸಿ ಸಂದು ನೋಡುವುದು, ಕೊನೆಗೆ ಮೀಟುಗೋಲು ಹಾಕಿ ಎಬ್ಬಿಸುವುದು.

ಸ್ಟೇಪ್ಲರ್ ಹನ್ನೆರಡರಲ್ಲಿ ಐದು ಕಡೆ ನಾಲಿಗೆ ಸೀಳಿತು. ಅಲ್ಲಿಗೇ ಸ್ಟೇಪಲ್ ಬೇಡವೆಂದು ಬರೆದು ಮುಗಿಸಬಹುದಿತ್ತು. ಆದರೆ ಸೀಳಿದ ಒಂದು ತುಂಡನ್ನು ಉಳಿಯಿಂದ ಸ್ಟೇಪಲ್‌ನ ಪಕ್ಕದಲ್ಲೇ ಬಿಡಿಸಿ ನೋಡಿದೆ. ಲೋಹದ ಕಾಲು ಮರದೊಳಗೆ ಹೊಕ್ಕ ದಾರಿ ಪೂರ್ತಿ ಕಾಣಿಸಿತು. ಅದು ಮೂಲೆಯಿಂದ ಹೊಕ್ಕಿರಲಿಲ್ಲ, ಮೂರು ಮಿ.ಮೀ. ಕೆಳಗೆ, ನಾಲಿಗೆಯ ನಟ್ಟನಡುವೆ ಹೊಕ್ಕಿತ್ತು. ನಾಲಿಗೆಯ ದಪ್ಪವೇ ಆರು ಮಿ.ಮೀ. ಅದರ ನಡುವೆ ಎರಡು ಕಾಲುಗಳು ಒಂದೇ ನಾರಿನ ಗೆರೆಯ ಮೇಲೆ ಇಳಿದರೆ ಸೀಳದೆ ಇನ್ನೇನು? ಯಂತ್ರವನ್ನು ಮಗುಚಿ ನೋಡಿದೆ. ಅದರ ಪಾದಕ್ಕೆ ಇರಬೇಕಾದ ನೈಲಾನ್ ತಟ್ಟೆಯೇ ಇರಲಿಲ್ಲ. ಬರಿಯ ಲೋಹದ ಪಾದ ಹಲಗೆಯ ಮೇಲೆ ಕೂತು, ಮೊಳೆಯ ಬಾಯಿ ಅಷ್ಟೂ ಕೆಳಗೆ ಇಳಿದಿತ್ತು. ಬಣ್ಣ ಹಚ್ಚಿ ಬಂದ ಹಲಗೆಯಾಗಿದ್ದರೆ ಮೇಲೆ ಗೀರುಗಳೂ ಬೀಳುತ್ತಿದ್ದವು.

ಮೂರು ಮಿ.ಮೀ. ದಪ್ಪದ ನೈಲಾನ್ ಹಾಳೆಯಿಂದ ಪಾದದ ಆಕಾರಕ್ಕೆ ಒಂದು ತುಂಡು ಕತ್ತರಿಸಿ ಅಂಟಿಸಿದೆ. ಮತ್ತೆ ಹನ್ನೆರಡು ಹೊಡೆದೆ. ಈ ಸಲ ಒಂದೇ ಸೀಳು, ಅದೂ ಹಲಗೆಯ ತುದಿಗೆ ತೀರಾ ಹತ್ತಿರ ಹೊಡೆದಲ್ಲಿ. ಯಾರಾದರೂ ನೆಲದ ನೇಲರ್ ಬಾಡಿಗೆಗೆ ತರುವುದಾದರೆ ಮೊದಲು ಅದರ ಪಾದ ನೋಡಿ ಎಂದು ಕೈಮುಗಿದು ಹೇಳುತ್ತೇನೆ. ಹಲಗೆ ತೆಳುವಾದಷ್ಟೂ ದಪ್ಪ ತಟ್ಟೆ ಬೇಕು, ಹಲಗೆ ದಪ್ಪವಾದರೆ ತೆಳುವಾದದ್ದು. 12 ಮಿ.ಮೀ. ಹಲಗೆಯ ತಟ್ಟೆಯನ್ನು ಹಾಗೆಯೇ ಬಿಟ್ಟು 19ರ ಹಲಗೆಗೆ ಹೊಡೆದರೆ ಮೊಳೆ ನಾಲಿಗೆಯ ಮೇಲಿನ ಗೋಡೆಗೆ ಚುಚ್ಚಿಕೊಳ್ಳುತ್ತದೆ, ಮುಂದಿನ ಹಲಗೆ ಕೂಡುವುದೇ ಇಲ್ಲ.

ಮೀಟುಗೋಲಿನ ಪರೀಕ್ಷೆಯಲ್ಲಿ ಸ್ಟೇಪಲ್ ಕ್ಲೀಟ್‌ಗೆ ಏನೂ ಸೋಲಲಿಲ್ಲ. ಎರಡು ಕಾಲು, ಕಾಲಿನ ಮೇಲೆ ಅಂಟಿನ ಲೇಪ. ಹೊಡೆದ ಬಿಸಿಗೆ ಅಂಟು ಕರಗಿ ಮರವನ್ನು ಹಿಡಿಯುತ್ತದೆ. ಎಬ್ಬಿಸುವಾಗ ನಾಲಿಗೆಯೇ ಕಿತ್ತು ಬಂತೇ ಹೊರತು ಸ್ಟೇಪಲ್ ಅಲುಗಲಿಲ್ಲ. ಆದರೂ ನಾನು ಕ್ಲೀಟ್‌ನ ಕಡೆ ವಾಲಿದೆ. ಇಡೀ ಮರದ ಹಲಗೆ ಮಳೆಗಾಲದಲ್ಲಿ ಉಬ್ಬುತ್ತದೆ, ಒಣಗಾಲದಲ್ಲಿ ಕುಗ್ಗುತ್ತದೆ, ಅದೂ ಅಗಲದ ದಿಕ್ಕಿನಲ್ಲಿ. ಒಂಟಿ ಕಾಲಿನ ಕ್ಲೀಟ್ ಆ ಅಲುಗಾಟಕ್ಕೆ ತುಸು ಬಾಗುತ್ತದೆ, ಹಲ್ಲುಗಳು ಹಿಡಿತ ಬಿಡುವುದಿಲ್ಲ. ಎರಡು ಕಾಲಿನ ಸ್ಟೇಪಲ್ ಅಷ್ಟು ಬಾಗುವ ಸ್ವಭಾವದ್ದಲ್ಲ. ಅಂಟಿನ ಹಿಡಿತ ಒಮ್ಮೆ ಸಡಿಲಿದರೆ ಅಲ್ಲಿಂದಲೇ ಕಿರುಗು ಶುರುವಾಗುತ್ತದೆ. 83 ಮಿ.ಮೀ. ಅಗಲದ ಹಲಗೆಗೆ ಈ ಅಲುಗಾಟ ಕಡಿಮೆಯೇನಲ್ಲ. ಪದರ ಪದರವಾಗಿ ಅಂಟಿಸಿದ ತೆಳು ಹಲಗೆಯಾಗಿದ್ದರೆ, ಅಂದರೆ ಎಂಜಿನಿಯರ್ಡ್ ಎನ್ನುವಂಥದ್ದು 9ರಿಂದ 13 ಮಿ.ಮೀ. ದಪ್ಪದಲ್ಲಿ, ನಾನು ಕಣ್ಣುಮುಚ್ಚಿ ಕಿರಿದಾದ ಸ್ಟೇಪಲ್ ಮತ್ತು ಗುಂಡಿ ಒತ್ತುವ ಯಂತ್ರವನ್ನೇ ಆರಿಸುತ್ತಿದ್ದೆ. ಅಲ್ಲಿ ಹಲಗೆ ಹೆಚ್ಚು ಅಲುಗುವುದಿಲ್ಲ, 16 ಗೇಜ್ ಕ್ಲೀಟ್‌ಗೆ ಆ ನಾಲಿಗೆ ತಡೆಯುವುದೂ ಇಲ್ಲ.

ಕ್ಲೀಟ್ ಎಂದಾದ ಮೇಲೆ ಉಳಿದದ್ದು ಕೈಬಲವೋ ಗಾಳಿಯೋ ಎಂಬ ಪ್ರಶ್ನೆ.

ಕೈಬಲದ ನೇಲರ್ ನನಗೆ ತುಂಬ ಹಿಡಿಸಿತು. ಗಾಳಿ ಒತ್ತುವ ಕಂಪ್ರೆಸರ್ ಇಲ್ಲ, ಗಾಳಿಯ ಕೊಳವೆ ಕಾಲಿಗೆ ತೊಡರುವುದಿಲ್ಲ, ಕಿವಿಗೆ ಹಿಂಸೆಯಿಲ್ಲ. ನಾನು ತಂದದ್ದು ಹಂತಹಂತವಾಗಿ ಇಳಿಸುವ ಬಗೆಯದು. ಒಂದು ಏಟಿಗೆ ಮೊಳೆ ಪೂರ್ತಿ ಹೋಗದಿದ್ದರೆ ಅದು ಅಲ್ಲೇ ನಿಂತು ಎರಡನೇ ಏಟಿಗೆ ಕಾಯುತ್ತದೆ. ಒಂದೇ ಏಟಿನ ಬಗೆಯೂ ಇದೆ, ಅದರಲ್ಲಿ ಏಟು ಅರೆಮನಸ್ಸಿನದಾದರೆ ಮೊಳೆ ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ಓಕ್‌ನಲ್ಲಿ ನನಗೆ ಪ್ರತಿ ಮೊಳೆಗೂ ಎರಡು ಏಟು, ಕೆಲವಕ್ಕೆ ಮೂರು ಬೇಕಾದವು. ಹನ್ನೆರಡೂ ಮೊಳೆಗಳು ಕೂತ ರೀತಿ ಮಾತ್ರ ನೋಡಲು ಚೆಂದ.

ಆಮೇಲೆ ಲೆಕ್ಕ ಹಾಕಿದೆ. ಗೋಡೆಯ ಸುತ್ತ ಹಲಗೆ ಉಬ್ಬಲು ಬಿಡುವ 19 ಮಿ.ಮೀ. ಸಂದನ್ನು ಕಳೆದರೆ 43 ಸಾಲು. ಮೊದಲ ಮೂರು, ಕೊನೆಯ ನಾಲ್ಕು ಸಾಲುಗಳಿಗೆ ಈ ಯಂತ್ರ ಹಿಡಿಸುವುದಿಲ್ಲ, ಗೋಡೆ ಅಡ್ಡ ಬಂದು ಕೊಡತಿ ಬೀಸಲಾಗದು. ಉಳಿದದ್ದು 36 ಸಾಲು. ಈ ಅಗಲದ ಹಲಗೆಗೆ ಮೊಳೆಗಳ ನಡುವಿನ ಅಂತರ ಆರರಿಂದ ಎಂಟು ಅಂಗುಲ. ನಾನು 200 ಮಿ.ಮೀ. ಎಂದು ಹಿಡಿದೆ, ಸಾಲಿಗೆ 21. ಜೊತೆಗೆ ಪ್ರತಿ ಹಲಗೆಯ ಎರಡೂ ತುದಿಯಿಂದ 50 ಮಿ.ಮೀ. ಒಳಗೆ ಒಂದೊಂದು ಮೊಳೆ ಬೇಕೇ ಬೇಕು, ಹಲಗೆ ಎಷ್ಟೇ ಗಿಡ್ಡವಾದರೂ ಎರಡಕ್ಕಿಂತ ಕಡಿಮೆ ಇರಬಾರದು. ಹೀಗೆ ಸೇರಿಸಿದರೆ ಸಾಲಿಗೆ ಸುಮಾರು 26, ಒಟ್ಟು 936. ಎರಡೂವರೆ ಏಟಿನಂತೆ ಎರಡು ಸಾವಿರದ ಮುನ್ನೂರು ಏಟು, ಬೆನ್ನು ಬಗ್ಗಿಸಿಕೊಂಡು. ಪುಟ್ಟ ಕೋಣೆಯಾಗಿದ್ದರೆ ಕೈಬಲದ್ದನ್ನೇ ಹಿಡಿಯುತ್ತಿದ್ದೆ. ಇಲ್ಲಿ ಭಯವಿದ್ದದ್ದು ಆಯಾಸಕ್ಕಲ್ಲ. ಆಯಾಸವಾದ ಕೈ ಮಧ್ಯಾಹ್ನದ ಮೇಲೆ ಹೊಡೆಯುವ ಏಟು ಬೆಳಗಿನ ಏಟಿನಂತಿರುವುದಿಲ್ಲ. ಮೊಳೆಯ ತಲೆ ಒಂದು ಮಿ.ಮೀ. ಮೇಲೆ ನಿಂತರೂ ಮುಂದಿನ ಹಲಗೆಯ ಕಚ್ಚು ಪೂರ್ತಿ ಕೂಡುವುದಿಲ್ಲ.

ಗಾಳಿಯ ನೇಲರ್‌ನ ಗುಣ ಇರುವುದು ಕೊಡತಿಯ ಏಟಿನಲ್ಲಿ. ಏಟು ಬಿದ್ದಾಗ ಅದು ಒಳಗಿನ ಕವಾಟವನ್ನು ತೆರೆಯುತ್ತದೆ, ಮೊಳೆಯನ್ನು ಇಳಿಸುವುದು ಗಾಳಿ. ಆದರೆ ಆ ಏಟಿನ ಭಾರ ಯಂತ್ರದ ಪಾದದ ಮೂಲಕ ಹಲಗೆಗೂ ತಲುಪಿ, ಹಲಗೆಯನ್ನು ಹಿಂದಿನ ಸಾಲಿಗೆ ತಳ್ಳಿ ಕೂಡಿಸುತ್ತದೆ. ಸಂದು ಮುಚ್ಚುವುದು, ಮೊಳೆ ಇಳಿಯುವುದು ಎರಡೂ ಒಂದೇ ಕ್ಷಣದಲ್ಲಿ ಆಗುತ್ತವೆ. ಗುಂಡಿ ಒತ್ತುವ ಯಂತ್ರದಲ್ಲಿ ಈ ತಳ್ಳುವಿಕೆ ಇಲ್ಲ. ಅಲ್ಲಿ ಹಲಗೆಯನ್ನು ಬೇರೆಯಾಗಿ ಬಡಿದು ಕೂಡಿಸಿ, ಅದು ಹಿಂದಕ್ಕೆ ಜರುಗುವ ಮೊದಲೇ ಗುಂಡಿ ಒತ್ತಬೇಕು. ಸ್ವಲ್ಪವೂ ಸೊಟ್ಟಾಗದ ಹಲಗೆ ಯಾವ ಕಟ್ಟಿನಲ್ಲಿದೆ? ನನ್ನ ಹತ್ತರಲ್ಲಿ ಮೂರು ಹಲಗೆ ಬಿಲ್ಲಿನಂತೆ ತುಸು ಬಾಗಿದ್ದವು. ಸ್ಟೇಪ್ಲರ್‌ನಲ್ಲಿ ಹೊಡೆದ ತುಂಡುಗಳ ನಡುವೆ ತೆಳು ಕಾಗದ ತೂರಿತು, ಕೊಡತಿಯಿಂದ ಹೊಡೆದವುಗಳ ನಡುವೆ ತೂರಲಿಲ್ಲ. ಅಲ್ಲಿಗೆ ತೀರ್ಮಾನವಾಯಿತು.

ಒತ್ತಡವನ್ನು 70 ಪಿಎಸ್‌ಐನಿಂದ ಆರಂಭಿಸಿ ಐದೈದರಂತೆ ಏರಿಸಿದೆ. 70ರಲ್ಲಿ ತಲೆ ಮೇಲೆ ನಿಂತಿತು. 80ರಲ್ಲಿ ಹತ್ತರಲ್ಲಿ ಎರಡು ನಿಂತವು. 85ರಲ್ಲಿ ಎಲ್ಲವೂ ಮೂಲೆಯಲ್ಲಿ ಮಟ್ಟಸವಾಗಿ ಕೂತವು, ಬೆರಳು ಆಡಿಸಿದರೆ ತಲೆ ತಾಗಲಿಲ್ಲ. 95ಕ್ಕೆ ಏರಿಸಿದಾಗ ತಲೆ ನಾಲಿಗೆಯನ್ನು ಜಜ್ಜಿ ಒಳಗೆ ಹೋಯಿತು. ಹಲಗೆಯ ಮುಖವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಮೊಳೆಯ ನೇರಕ್ಕೆ ಸಾಸಿವೆಯಷ್ಟು ಉಬ್ಬು ಕಂಡಿತು. ಹೊಳಪಿನ ಲೇಪ ಬಿದ್ದ ಮೇಲೆ ಇಂಥ ಉಬ್ಬು ಎದ್ದು ಕಾಣುತ್ತದೆ. ಆದ್ದರಿಂದ 85. ಈ ಸಂಖ್ಯೆ ನನ್ನ ಯಂತ್ರಕ್ಕೆ, ನನ್ನ ಓಕ್‌ಗೆ, ನನ್ನ ಕೊಳವೆಯ ಉದ್ದಕ್ಕೆ ಮಾತ್ರ. ಬೇರೆಯವರು ತಮ್ಮ ತುಂಡಿನ ಮೇಲೆ ತಾವೇ ಹುಡುಕಿಕೊಳ್ಳಬೇಕು. ಕಂಪ್ರೆಸರ್ ದೊಡ್ಡದೇ ಬೇಕೆಂದೇನಿಲ್ಲ. 23 ಲೀಟರಿನ ಚಿಕ್ಕ ತೊಟ್ಟಿ ಸಾಕಾಯಿತು. ಒಬ್ಬನೇ ಹಲಗೆ ಆರಿಸಿ, ಜೋಡಿಸಿ, ಹೊಡೆಯುವಷ್ಟರಲ್ಲಿ ಅದು ಮತ್ತೆ ತುಂಬಿರುತ್ತದೆ.

ಮೂರನೇ ದಿನದಿಂದ ಕೆಲಸ ಸಲೀಸಾಗಿ ಸಾಗಿತು. ಬೆಳಿಗ್ಗೆ ಯಂತ್ರದ ಗಾಳಿಬಾಯಿಗೆ ಎರಡು ಮೂರು ಹನಿ ಎಣ್ಣೆ, ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಎರಡು ಸಲ ಮೊಳೆ ಸಿಕ್ಕಿಕೊಂಡಿತು. ಎರಡೂ ಸಲ ಗಾಳಿಯ ಕೊಳವೆ ಕಳಚಿದ ಮೇಲೆಯೇ ಇಕ್ಕಳ ಕೈಗೆತ್ತಿಕೊಂಡೆ. ಕೆಂಪು ಗೆರೆಯ ಮೂಲೆಗೆ ಬಂದಾಗ ಮೊಳೆಪಟ್ಟಿ ತೆಗೆದು 38ರದ್ದನ್ನು ತುಂಬಿದೆ. ಗೆರೆ ದಾಟಿದ ಮೇಲೆ ಮತ್ತೆ ಬದಲಿಸುವುದನ್ನು ಮರೆಯದಂತೆ 50ರ ಪಟ್ಟಿಯನ್ನು ಮುಂದಿನ ಹಲಗೆಯ ಮೇಲೆಯೇ ಇಟ್ಟಿದ್ದೆ.

ಗೋಡೆಯ ಪಕ್ಕದ ಸಾಲುಗಳ ಕೆಲಸ ಬೇರೆ. ಮೊದಲ ಸಾಲನ್ನು ಬಣ್ಣದ ದಾರ ಮಿಡಿದು ಎಳೆದ ಗೆರೆಗೆ ಕೂರಿಸಿ, ಗೋಡೆಯ ಬದಿಯಲ್ಲಿ ಮೇಲಿನಿಂದಲೇ, ಸಣ್ಣ ತಲೆಯ ಮೊಳೆ ಹೊಡೆಯುವ 15 ಗೇಜ್ ಫಿನಿಶ್ ನೇಲರ್‌ನಿಂದ ಹೊಡೆದಿದ್ದೆ. ಆ ತೂತುಗಳನ್ನು ಗೋಡೆಯಂಚಿನ ಪಟ್ಟಿ ಮುಚ್ಚುತ್ತದೆ. ಎರಡನೆಯ, ಮೂರನೆಯ ಸಾಲಿಗೆ ಅದೇ ಯಂತ್ರವನ್ನು ಓರೆ ಹಿಡಿದು ನಾಲಿಗೆಯ ಮೂಲೆಗೆ ಹೊಡೆದದ್ದು. ನೆಲದ ನೇಲರ್ ಕೊಂಡರೆ ಅದೊಂದರಿಂದಲೇ ಕೋಣೆ ಮುಗಿಯುತ್ತದೆ ಎಂದು ಯಾರೂ ಎಣಿಸಬಾರದು. ಈ ಎರಡನೆಯ ಸಾಧನವೂ ಬೇಕು. ಅದಿಲ್ಲದಿದ್ದರೆ ಬೈರಿಗೆಯಿಂದ ಸಣ್ಣ ತೂತು ಕೊರೆದು ಸುತ್ತಿಗೆಯಿಂದ ಹೊಡೆದು, ಪಂಚ್ ಇಟ್ಟು ತಲೆ ಇಳಿಸಬೇಕು. ಕೊನೆಯ ನಾಲ್ಕು ಸಾಲುಗಳೂ ಹೀಗೆಯೇ ಮುಗಿದವು. ಕೊನೆಯ ಹಲಗೆಯನ್ನು 76 ಮಿ.ಮೀ.ಗೆ ಸೀಳಿ, ಗೋಡೆಗೆ ಮರದ ತುಂಡು ಆನಿಸಿ ಮೀಟುಗೋಲಿನಿಂದ ಎಳೆದು ಹಿಡಿದು ಮೇಲಿನಿಂದ ಹೊಡೆದೆ.

ಪರೀಕ್ಷೆಯ ಪ್ಲೈವುಡ್ ತುಂಡನ್ನು ಎಸೆದಿಲ್ಲ. ಅದರ ಬೆನ್ನಿನ ಮೇಲೆ ಪೆನ್ಸಿಲ್‌ನಿಂದ ಬರೆದಿಟ್ಟಿದ್ದೇನೆ: ಓಕ್ 19, ಎಲ್ ಕ್ಲೀಟ್ 16 ಗೇಜ್, 50 ಮಿ.ಮೀ., ಅಂತರ 200, ಒತ್ತಡ 85, ಪಾದದ ತಟ್ಟೆ 19ರದ್ದು. ಮುಂದಿನ ಸರದಿ ಕೋಣೆಯ ಹೊರಗಿನ ಕಾರಿಡಾರಿನದು. ಹಲಗೆ ಅದೇ ಓಕ್, ಆದರೆ ಅಲ್ಲಿ ಪ್ಲೈವುಡ್ ಕೂತಿರುವುದು ಕಾಂಕ್ರೀಟಿನ ಮೇಲೆ. ಆದ್ದರಿಂದ 50 ಎಂಬುದನ್ನು ಈಗಲೇ ಹೊಡೆದುಹಾಕಿ, ಪಕ್ಕದಲ್ಲಿ 38 ಎಂದು ಬರೆದಿದ್ದೇನೆ. ಒತ್ತಡದ 85ರ ಪಕ್ಕದ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ಆ ಸಂಖ್ಯೆಗೆ ಮತ್ತೆ ಹನ್ನೆರಡು ಮೊಳೆ ಹೊಡೆದು ನೋಡಬೇಕು.